ಕೌದಿಯ ಮೇಲಿನ ಪೊಟ್ಟಣ

ದಾಂಡೇಲಿಗೆ ಬಂದ ಮರುದಿನ, ಹೇಳದೆ ಕೇಳದೆ ಹೆಂಗಸೊಬ್ಬರು ಮುಂದೆ ಮಾಡಿದ್ದ ಬಾಗಿಲು ತಳ್ಳಿಕೊಂಡು ಬಂದು ನನ್ನ ಹಣೆ ಮುಟ್ಟಿ ನೋಡಿದರು. ನಾನು ಗಾಬರಿಯಿಂದ ಲ್ಯಾಪ್‌ಟಾಪ್ ಮುಚ್ಚಿದೆ.

“ಹಗಲೊತ್ತಿನ್ಯಾಗ ಬಾಗಲಾ ಹಾಕ್ಕೊಂಡೀರಿ. ಮೈಯಾಗ ಆರಾಮ ಇಲ್ಲೇನ್ರಿ ಬಾಯಾರ?”

ಅವರು ಮನೆಯ ಒಡತಿ. ಹೆಸರು ಕಸ್ತೂರಕ್ಕ ಎಂದಿರಲಿ. ಧಾರವಾಡದ ಕಡೆಯವರು, ಗಂಡನಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ, ವಾಸ ಪಕ್ಕದ ಭಾಗದಲ್ಲೇ. ನಮ್ಮ ಕೋಲಾರದಲ್ಲಿ ಹಾಕಿದ ಬಾಗಿಲನ್ನು ಯಾರೂ ವಿಚಾರಿಸುವುದಿಲ್ಲ. ದಾಂಡೇಲಿಯ ಬಂಗೂರನಗರದ ಈ ಓಣಿಯಲ್ಲಿ ಹಗಲು ಬಾಗಿಲು ಹಾಕಿದರೆ ಒಂದೋ ಕಾಯಿಲೆ, ಇಲ್ಲವೇ ಜಗಳ. ನನ್ನ ಕೆಲಸಕ್ಕೋ ಹಾಕಿದ ಬಾಗಿಲೇ ಬೇಕು. ಅಂತರ್ಜಾಲದಲ್ಲಿ ಮಾದಕ ವಸ್ತು ಮಾರುವವರ ಗುಂಪಿಗೆ ಗಿರಾಕಿಯಂತೆ ನುಸುಳಿ ಪೊಲೀಸರಿಗಾಗಿ ಜಾಡು ಹಿಡಿಯುವವಳು ನಾನು. ಓಣಿಯವರಿಗೆ ಮಾತ್ರ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವ ಹುಡುಗಿ. ನಿಜವನ್ನು ದೂರದ ನಿಮಗಷ್ಟೇ ಹೇಳಬಲ್ಲೆ.

ಸೈಬರ್ ಪರಿಣತರಿಗೆ ಸರ್ಕಾರ ಸಂಬಳದ ಮೇಲೆ ಪ್ರೋತ್ಸಾಹಧನ ಕೊಡುತ್ತದೆ ಎಂದಾಗ ಕುಣಿದಾಡಿದವಳು ನಾನೇ. ಒಪ್ಪಿದ ಅವಧಿಗೆ ಮುಂಚೆ ಕೆಲಸ ಬಿಟ್ಟರೆ ಅಷ್ಟನ್ನೂ ಹಿಂತಿರುಗಿಸಬೇಕೆಂಬ ಮಾತು ಆಗ ಕಿವಿಗೆ ಬೀಳಲಿಲ್ಲ. ಆ ಹಣವೆಲ್ಲ ತಂಗಿಯ ನರ್ಸಿಂಗ್ ಕಾಲೇಜಿಗೆ ಹೋಗುತ್ತಿದೆ. ಈಗ ಕೆಲಸ ಬಿಡುವುದೆಂದರೆ ಅವಳ ಓದು ಬಿಡಿಸುವುದು.

ಮುದ್ದೆ ನುಂಗುತ್ತಿದ್ದ ಬಾಯಿಗೆ ಜೋಳದ ಕಟಕ ರೊಟ್ಟಿ ಅಗಿಯುವುದೇ ಒಂದು ಕೆಲಸವಾಯಿತು. “ಕಡೀರಿ, ಹಲ್ಲು ಅದಾವಲ್ಲ” ಎಂದು ಕಸ್ತೂರಕ್ಕ ಕಾಡಿಸುತ್ತಿದ್ದರು. ಬರಬರುತ್ತ ‘ಬಾಯಾರ’ ಎಂಬ ಮರ್ಯಾದೆಯ ಕರೆ ಹೋಗಿ ತಂಗಿಯಾದೆ. ಅವರು ಕೌದಿ, ಅಂದರೆ ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿದ ಹೊದಿಕೆ, ಹೊಲಿಯುವಾಗ ಮೂಲೆ ಹಿಡಿದು ಕೂರುತ್ತಿದ್ದೆ.

“ಇದು ನಮ್ಮವ್ವನ ಇಳಕಲ್ ಸೆರಗು. ಇದು ಮಗಳ ಸಾಲಿ ಲಂಗ. ಇದು ನಮ್ಮ ಮನಿಯವರ ಖಾಕಿ. ತಮ್ಮಗ ಕೊಡಾಕ ಹೊಲ್ಯಾಕತ್ತೇನಿ. ಜೋಯಿಡಾದಾಗ ಭಾಳ ಥಂಡಿ.”

ಆ ತಮ್ಮ ಜೋಯಿಡಾದಲ್ಲಿ ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುತ್ತಿದ್ದ.

ಚಳಿಗಾಲದ ಒಂದು ಮಧ್ಯಾಹ್ನ ಮಾರುವವನೊಬ್ಬ ಸರಕಿನ ಫೋಟೊ ಕಳಿಸಿದ. ಮುಖವಿಲ್ಲ, ಊರಿಲ್ಲ. ಹಾಸಿದ ಬಟ್ಟೆಯ ಮೇಲೆ ಸಾಲಾಗಿ ಪೊಟ್ಟಣಗಳು. ಅವುಗಳ ಕೆಳಗೆ ಇಳಕಲ್ ಸೆರಗು, ಶಾಲೆಯ ಲಂಗ, ಖಾಕಿ. ನಾನೇ ಮೂಲೆ ಹಿಡಿದಿದ್ದ, ತಮ್ಮನಿಗೆಂದು ಹೋದ ಕೌದಿ ಅದು. ಗೋಡೆಯಾಚೆ ಕಸ್ತೂರಕ್ಕ ರೊಟ್ಟಿ ಬಡಿಯುತ್ತಿದ್ದರು. ಹೋಗಿ ಒಂದು ಮಾತು ಹೇಳಿಬಿಡಲೇ ಎಂದು ಎದ್ದೆ. ಆದರೆ ಆ ಸರಕನ್ನು ಕೊಳ್ಳುವವರ ಮಾತುಗಳನ್ನೂ ದಿನವೂ ಓದುವವಳು ನಾನೇ, ಬಹುಪಾಲು ಕಾಲೇಜಿನ ಮಕ್ಕಳು. ಮತ್ತೆ ಕೂತು ಫೋಟೊವನ್ನು ಮೇಲಿನವರಿಗೆ ಕಳಿಸಿದೆ, ತಮ್ಮನ ಹೆಸರನ್ನೂ ಬರೆದೆ.

ಅವನನ್ನು ಹಿಡಿದರು. ಪೊಟ್ಟಣಗಳೂ ಸಿಕ್ಕವು. ನನಗೆ ಮೇಲಿನವರಿಂದ ಮೆಚ್ಚುಗೆ ಬಂತು. ಆ ದಿನ ಕಸ್ತೂರಕ್ಕ ಒಲೆ ಹಚ್ಚಲಿಲ್ಲ. ನಾನು ಅನ್ನ ಮಾಡಿ ಒಯ್ದರೆ ತುತ್ತೂ ಮುಟ್ಟದೆ ನನ್ನ ಕೈ ಹಿಡಿದುಕೊಂಡರು.

“ನಿನಗ ಕಂಪ್ಯೂಟರ್ ಗೊತ್ತೈತಿ ತಂಗಿ. ಪೊಲೀಸರಿಗೆ ಹೇಳಿ ನಮ್ಮ ಮನಿ ಮುರದವರು ಯಾರು ಅಂತ ಹುಡುಕಿ ಕೊಡು.”

“ಹುಡುಕ್ತೀನಿ ಅಕ್ಕ” ಎಂದೆ.

ಊರಿಗೆ ಯಾವಾಗ ಬರ್ತೀಯ ಎಂದು ಅಮ್ಮ ಫೋನಿನಲ್ಲಿ ಕೇಳುತ್ತಾಳೆ. ರಜೆಗೆ ಹೋದರೆ ಮುದ್ದೆಯ ಮುಂದೆ ಕೂತು ಈ ಓಣಿಯದೇ ಚಿಂತೆ. ಇಲ್ಲಿ ಕಸ್ತೂರಕ್ಕನ ಮುಖ ನೋಡಲಾರೆ. ಕಡೆಗೆ ಬೇರೆ ಮನೆ ಹಿಡಿದು ಬಟ್ಟೆ ಕಟ್ಟಿದೆ. ಕಸ್ತೂರಕ್ಕ ಬಂದು ನೋಡಿ, “ನೀನೂ ಹೋದರ ನನಗ ಯಾರದಾರ ಹೇಳು?” ಎಂದು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ನನ್ನ ಸೂಟ್‌ಕೇಸ್ ತೆರೆದು, ಒಂದೊಂದೇ ಬಟ್ಟೆಯನ್ನು ತೆಗೆದು ಮತ್ತೆ ಕಪಾಟಿನಲ್ಲಿ ಜೋಡಿಸಿಟ್ಟರು.