ಷಡ್ಡಕನ ಅಂಗಿಯ ಜೇಬು

ಕಲ್ಲುಕ್ವಾರಿಯ ಕಡೆ ಅವನನ್ನು ಎಲ್ಲರೂ ಕೆಮ್ಮಣ್ಣ ಎಂದೇ ಕರೆಯುತ್ತಿದ್ದರು. ಕೆಮ್ಮುತ್ತಿದ್ದದ್ದು ಅವನಲ್ಲ, ಅವನ ಹಳೇ ಪಿಕಪ್ಪು. ಆ ಕೆಮ್ಮು ಅಂಟಿಸಿದವನು ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ.

ಹೋದ ಬೇಸಿಗೆಯಲ್ಲಿ ಷಡ್ಡಕ ಗಾಡಿ ಇಸಿದುಕೊಂಡು ಹೋಗಿದ್ದ. ಜಲ್ಲಿಪುಡಿಯ ಧೂಳಿಗೆ ಏರ್ ಫಿಲ್ಟರ್ ಕಟ್ಟಿಕೊಂಡಾಗ ಹೊಸದು ಹಾಕಿಸದೆ, ಕಿತ್ತೆಸೆದು, ಆ ಜಾಗಕ್ಕೆ ಹಳೇ ಬಟ್ಟೆ ತುರುಕಿದ. ಬಟ್ಟೆ ಎಲ್ಲಿ ಧೂಳು ತಡೆದೀತು? ಎಂಜಿನ್ನು ಒಳಗೊಳಗೇ ಸವೆದು ಹೊಗೆ ಕಾರತೊಡಗಿತು. ವಾಪಸು ಕೊಡುವಾಗ ಆ ಮಹಾನುಭಾವ ಅತ್ತೆಯ ಎದುರಿಗೇ, "ನಾನು ಬಾನೆಟ್ಟೇ ಎತ್ತಿಲ್ಲಣ್ಣ. ನೀವೇ ಸರಿಯಾಗಿ ನೋಡ್ಕೊಂಡಿಲ್ಲ" ಎಂದ. ದರ್ಜಿ ಕೆಲಸದ ಅತ್ತೆ ಹೊಲಿಗೆ ಮಿಷನ್ನಿನಿಂದ ತಲೆಯೆತ್ತದೆ, "ಗಾಡೀನೇ ನೋಡ್ಕೊಳ್ದೋರು ನನ್ನ ಮಗಳನ್ನ ಏನು ನೋಡ್ಕೋತಾರೋ" ಎಂದುಬಿಟ್ಟರು. ಅಷ್ಟಕ್ಕೇ ಮುಗಿಯಲಿಲ್ಲ. ಷಡ್ಡಕ ಹೊಸ ಪಿಕಪ್ ತಂದು ಕೆಮ್ಮಣ್ಣನಿಗೆ ಸಿಗುತ್ತಿದ್ದ ಕ್ವಾರಿಯ ಬಾಡಿಗೆಯನ್ನೂ ಹೊಡೆದುಕೊಂಡ.

ಆಮೇಲೆ ಫಿಲ್ಟರ್ ಡಬ್ಬಿ ಬಿಚ್ಚಿದಾಗ ಸಿಕ್ಕಿತು ಆ ಬಟ್ಟೆ: ಹಸಿರು ಚೌಕಳಿಯ ಅಂಗಿಯ ತುಂಡು, ಜೇಬಿನ ಸಮೇತ. ಆಗಲೇ ತೋರಿಸಿದ್ದರೆ ಒಂದು ಜಗಳದಲ್ಲಿ ಎಲ್ಲ ಮುಗಿಯುತ್ತಿತ್ತು. ಕೆಮ್ಮಣ್ಣನಿಗೆ ಅಷ್ಟರಿಂದ ಹೊಟ್ಟೆ ತಣ್ಣಗಾಗುವಂತಿರಲಿಲ್ಲ. ಬಟ್ಟೆಯನ್ನು ಸೀಟಿನ ಕೆಳಗಿಟ್ಟ, ಹಲ್ಲು ಕಚ್ಚಿಕೊಂಡು ಕೆಲಸಕ್ಕಿಳಿದ.

ಎಂಜಿನ್ ರಿಪೇರಿ ಮಾಡಿಸಿದ. ಗಾಳಿ ಎಳೆಯುವ ಪೈಪನ್ನು ಬಾನೆಟ್ಟಿನ ಒಳಗಿಂದ ಹೊರತಂದು, ಕ್ಯಾಬಿನ್ನಿನ ಮಗ್ಗುಲಿಗೆ ಹಾಯಿಸಿ, ಚಾವಣಿಗಿಂತ ಮೇಲಕ್ಕೆ ಏರಿಸಿದ. ತುದಿಗೆ ಧೂಳು ಹಿಡಿಯುವ ಬಟ್ಟಲು, ಕೆಳಗೆ ಹೊಸ ಫಿಲ್ಟರು, ಪ್ರತಿ ಜಾಯಿಂಟಿಗೂ ರಬ್ಬರು, ಕ್ಲ್ಯಾಂಪು. ಕೊನೆಗೆ ಎಂಜಿನ್ ಓಡುತ್ತಿರುವಾಗಲೇ ಪೈಪಿನ ಬಾಯಿಗೆ ಅಂಗೈ ಒತ್ತಿದ. ಎಂಜಿನ್ ನಿಲ್ಲಲಿಲ್ಲ, ಅಂದರೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿತ್ತು. ಸಡಿಲಾದ ಕ್ಲ್ಯಾಂಪು ಹುಡುಕಿ ಬಿಗಿದು, ಮತ್ತೆ ಒತ್ತಿದ. ಈ ಸಲ ಉಸಿರುಗಟ್ಟಿ ನಿಂತಿತು. ಅಂಗೈ ಕೆಳಗಿದ್ದದ್ದು ಷಡ್ಡಕನ ಬಾಯಿ ಎಂದುಕೊಂಡೇ ಒತ್ತಿದ್ದ. ತುಂಬ ಹಿತವಾಗಿತ್ತು.

ಮಳೆ ಬಂತು, ಕ್ವಾರಿ ದಾರಿಯ ಹಳ್ಳ ತುಂಬಿತು. ಊರ ಕಡೆ ಮರಳುತ್ತಿದ್ದ ಕೆಮ್ಮಣ್ಣನ ಗಾಡಿ ಬಾನೆಟ್ ಮಟ್ಟದ ನೀರಲ್ಲಿ ನಿಧಾನವಾಗಿ ದಾಟಿ ಆಚೆ ದಡ ಸೇರಿತು. ಹಠಕ್ಕೆ ಬಿದ್ದ ಷಡ್ಡಕನೂ ಹಿಂದೆಯೇ ನುಗ್ಗಿದ. ಹೊಸ ಗಾಡಿಯ ಪೈಪು ಕೆಳಗೇ ಇತ್ತು. ಗಾಳಿಯ ಬದಲು ನೀರು ಕುಡಿದು ನಡುನೀರಲ್ಲೇ ನಿಂತಿತು.

"ಅಣ್ಣಾ, ಇನ್ನೊಂದ್ಸಲ ಸ್ಟಾರ್ಟ್ ಮಾಡ್ಲಾ?"

ಎಂಜಿನ್ನಿನೊಳಗೆ ನೀರಿರುವಾಗ ಕೀಲಿ ತಿರುಗಿಸಿದರೆ ಒಳಗಿನ ರಾಡೇ ಬಾಗಿಹೋಗುತ್ತದೆ. ಬೇಡ ಎಂಬ ಮಾತು ಕೆಮ್ಮಣ್ಣನ ನಾಲಿಗೆ ತುದಿಗೆ ಬಂತು. ನುಂಗಿಕೊಂಡ.

"ನಿನ್ನ ಗಾಡಿ, ನಿನ್ನಿಷ್ಟ."

ಷಡ್ಡಕ ಕೀಲಿ ತಿರುಗಿಸಿದ. ಒಳಗೆ ಟಕ್ ಎಂದಿತು. ಅಯ್ಯೋ ಪಾಪ ಅನಿಸಿತೇ? ಇಲ್ಲ, ಒಂದು ಚೂರೂ ಇಲ್ಲ.

ಹಗ್ಗ ಕಟ್ಟಿ ಎಳೆದು ತಂದವನೂ ಕೆಮ್ಮಣ್ಣನೇ. ಬೇರೆ ಗಾಡಿಯವರಿಗೆ ಹಗ್ಗ ಕಾಣಲೆಂದು ನಡುವೆ ಒಂದು ಬಟ್ಟೆ ಕಟ್ಟಬೇಕಲ್ಲ, ಸೀಟಿನ ಕೆಳಗಿಂದ ಅದನ್ನೇ ತೆಗೆದು ಕಟ್ಟಿದ. ದಾರಿಯುದ್ದಕ್ಕೂ ಹಸಿರು ಚೌಕಳಿ ಷಡ್ಡಕನ ಕಣ್ಣೆದುರೇ ಕುಣಿಯಿತು. ಗ್ಯಾರೇಜಿಗೆ ಹತ್ತಿರದ ದಾರಿಯಿತ್ತು. ಕೆಮ್ಮಣ್ಣ ಅತ್ತೆ ಮನೆಯ ಬೀದಿ ಹಿಡಿದ.

ಅತ್ತೆ ಹೊರಬಂದರು. ಹಗ್ಗದ ಮೇಲಿನ ಬಟ್ಟೆಯನ್ನು ಎಳೆದು, ಮಸಿಯಾದ ಹೊಲಿಗೆಯನ್ನು ಬೆರಳಲ್ಲಿ ಸವರಿದರು.

"ಈ ಜೇಬು ನಾನು ಹೊಲ್ದಿದ್ದು. ಚಿಕ್ಕ ಅಳಿಯಂದ್ರ ಅಂಗೀದು. ಇದು ನಿಮ್ಮ ಹತ್ರ ಹೇಗೆ ಬಂತು?"

"ನನ್ನ ಎಂಜಿನ್ನಲ್ಲಿ ಸಿಕ್ತು ಅತ್ತೆ. ಫಿಲ್ಟರ್ ಇದ್ದ ಜಾಗದಲ್ಲಿ."

ಅತ್ತೆ ಹಿಂದಿನ ಗಾಡಿಯತ್ತ ತಿರುಗಿದರು. ಷಡ್ಡಕ ಸ್ಟೀರಿಂಗ್ ಹಿಡಿದು ತಲೆ ತಗ್ಗಿಸಿ ಕೂತಿದ್ದ. ಕೆಮ್ಮಣ್ಣ ಮಾತ್ರ ಎಂಜಿನ್ ಆರಿಸಲಿಲ್ಲ. ಕೆಮ್ಮಿಲ್ಲದ ಆ ಸದ್ದನ್ನು ಅತ್ತೆ ಚೆನ್ನಾಗಿ ಕೇಳಿಸಿಕೊಳ್ಳಲಿ ಎಂದು ಹಾಗೇ ಬಿಟ್ಟಿದ್ದ.