ಕರೆಂಟು ಹೋದ ಸಂಜೆಗಳ ಕಾಕು

ಮೊನ್ನೆ ಲಿಂಗಂಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಮೊಮ್ಮಗಳ ಹುಟ್ಟುಹಬ್ಬ. ಅವಳು ಕೇಕಿನ ಮೇಲಿನ ಮೇಣಬತ್ತಿ ಊದಿದಳು, ಎಲ್ಲರೂ ಫೋನು ಎತ್ತಿ ಹಿಡಿದರು, ಆಮೇಲೆ ಅದೇ ಫೋನಿನೊಳಗೆ ತಲೆ ತಗ್ಗಿಸಿದರು. ಆರಿದ ಬತ್ತಿಯ ವಾಸನೆ ನನ್ನ ಮೂಗಿಗೆ ಬಂತು... ದಿಲ್‌ಸುಖ್‌ನಗರದ ಕಾಕು ನೆನಪಾದರು.

ಕಾಕು, ಅಂದರೆ ಚಿಕ್ಕಮ್ಮ, ಎಂದು ನಾವು ಕರೆಯುತ್ತಿದ್ದುದು ಆಗ ಬಾಡಿಗೆಗಿದ್ದ ಮನೆಯ ಒಡತಿಯನ್ನು. ಧಾರವಾಡದ ಕಡೆಯವರು, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ತೆಲಂಗಾಣ ಆಗುವ ಮೊದಲಿನ ಆ ಬೇಸಿಗೆಗಳಲ್ಲಿ ಸಂಜೆಯಾದರೆ ಕರೆಂಟು ಹೋಗುತ್ತಿತ್ತು. ಸೀರಿಯಲ್ಲು ಅರ್ಧಕ್ಕೆ ನಿಂತ ಸಿಟ್ಟಿನಲ್ಲಿ ಓಣಿಯ ಕನ್ನಡದ ಹೆಂಗಸರೆಲ್ಲ ಅವರ ಮಾಳಿಗೆ ಹತ್ತುತ್ತಿದ್ದೆವು. ಒಂದು ಮೇಣಬತ್ತಿ, ಒಂದೆರಡು ಚಾಪೆ, ಗಾಳಿ ಬೀಸಿದರೆ ನಮ್ಮ ಪುಣ್ಯ. ಕಾಕು ಕಥೆ ಶುರು ಮಾಡುತ್ತಿದ್ದರು.

ಮುಂದೆ ಯಾವಾಗಲೋ ಬರುವ ಒಂದು ಊರಿನ ಕಥೆ. ಅಲ್ಲಿ ಮನೆಮನೆಯಲ್ಲೂ ಗೋಡೆಯಷ್ಟು ದೊಡ್ಡ ಪರದೆ, ಅದು ಆರುವುದೇ ಇಲ್ಲ. ಎಲ್ಲಿ ನಗಬೇಕು, ಯಾರನ್ನು ಬೈಯಬೇಕು ಎಂದು ಅದೇ ಹೇಳಿಕೊಡುತ್ತದೆ. ಇಂಥ ಊರುಗಳ ಕಾದಂಬರಿಗಳನ್ನು ಅವರು ಬೇಕಾದಷ್ಟು ಓದಿದ್ದರು, ಪಾಠವನ್ನೂ ಮಾಡಿದ್ದರು. ಆದರೆ ಅವುಗಳಲ್ಲಿ ಬರುವ ಪೊಲೀಸರು, ಜೈಲು ಇವರ ಕಥೆಯಲ್ಲಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದ್ದೆ.

"ಪೊಲೀಸ್ರು ಯಾಕ ಬೇಕವಾ? ಮಂದಿ ತಾವಾಗೇ ಬಾಗಲಾ ಹಾಕ್ಕೊಂಡು ಕೂಡ್ತಾರಲ್ಲ" ಅಂದರು.

ಕಥೆಯನ್ನು ನಡುವೆ ನಿಲ್ಲಿಸಿ, ಆ ಊರಲ್ಲಿ ಒಬ್ಬಳು ಪರದೆಗೆ ಚಾದರ ಹೊದಿಸಿದರೆ ನೆರೆಯವರು ಏನು ಮಾಡ್ಯಾರು ಎಂದು ನಮ್ಮನ್ನು ಕೇಳುವುದು ಅವರ ಚಟ. ಜಗಳವೇ ಆಗುತ್ತಿತ್ತು. ಎದುರಿನ ಕಟ್ಟಡದ ಕೆಲಸಕ್ಕೆ ಬಂದಿದ್ದ ಯಾದಗಿರಿಯ ಹೆಣ್ಣುಮಗಳೊಬ್ಬಳು ಒಂದು ಸಂಜೆ ಕಾಕುವಿಗೇ ತಿರುಗಿಬಿದ್ದಳು. "ದಿನಾ ಸಿಮೆಂಟ್ ಹೊತ್ತ ಬಂದವ್ರು ಕುಂತು ಏನ್ ಇಚಾರ ಮಾಡ್ಬೇಕ್ರಿ? ಅವ್ರಿಗಿ ಅಷ್ಟರೆ ಸುಖ ಬ್ಯಾಡೇನು?"

ಕಾಕು ಖುಷಿಯಿಂದ ತೊಡೆ ತಟ್ಟಿಕೊಂಡರು. ಮರುದಿನ ಕಥೆಯನ್ನೇ ಬದಲಿಸಿಕೊಂಡು ಬಂದರು, ಪರದೆ ಮುಂದೆ ಕೂತವರನ್ನು ಹೀಯಾಳಿಸುವುದನ್ನು ಬಿಟ್ಟರು. ಎದುರು ಮಾತಾಡುವವರು ಸಿಕ್ಕರೆ ಅವರಿಗೆ ಹಬ್ಬ. ಅಂಥವರಿಲ್ಲದಿದ್ದರೆ ತಲೆ ತುಕ್ಕು ಹಿಡಿಯುತ್ತದೆ ಅನ್ನುತ್ತಿದ್ದರು.

ಕರೆಂಟು ಬಂದರೆ ಮಾತ್ರ ಮಾತನ್ನು ಬಾಯಲ್ಲೇ ಬಿಟ್ಟು ಎದ್ದು ಓಡುತ್ತಿದ್ದೆವು. ಬರಬರುತ್ತ ಕರೆಂಟು ಹೋಗುವುದೇ ನಿಂತಿತು. ಒಳ್ಳೆಯದೇ ಆಯಿತು ಬಿಡಿ, ಆ ಸೆಕೆ, ಆ ಸೊಳ್ಳೆ ಯಾರಿಗೆ ಬೇಕಿತ್ತು. ಆದರೆ ಮಾಳಿಗೆಗೆ ಯಾರೂ ಹೋಗಲಿಲ್ಲ. ಕೆಲವು ಸಂಜೆ ಕಾಕು ಒಬ್ಬರೇ ಚಾಪೆ ಹಾಸಿ ಕೂತಿದ್ದು, ಆಮೇಲೆ ಸುತ್ತಿಕೊಂಡು ಇಳಿಯುವ ಸಪ್ಪಳ ಕೇಳುತ್ತಿತ್ತು...

ನಾವು ಈ ಲಿಂಗಂಪಲ್ಲಿ ಕಡೆ ಮನೆ ಮಾಡಿ ಕೆಲವು ವರ್ಷಗಳಾದ ಮೇಲೆ ಅವರನ್ನು ನೋಡಲು ಹೋದೆ. ಮೊಣಕಾಲು ನೋವಿಗೆ ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದರು. ಮಗ, ಸೊಸೆ ಪ್ರೀತಿಯಿಂದ ದೊಡ್ಡ ಟಿವಿ ತಂದಿದ್ದರು. ಅತ್ತೆ ಮೊದಮೊದಲು ಟಿವಿಯ ಜೊತೆಗೂ ವಾದ ಮಾಡುತ್ತಿದ್ದರು, ಈಗ ಶಾಂತವಾಗಿದ್ದಾರೆ ಎಂದು ಸೊಸೆ ನಗುತ್ತ ಹೇಳಿದಳು. ಸುದ್ದಿಯಲ್ಲಿ ಒಬ್ಬ, ಊರಿನ ಕಳ್ಳತನಕ್ಕೆಲ್ಲ ಹೊರಗಿನಿಂದ ದುಡಿಯಲು ಬಂದವರೇ ಕಾರಣ ಎಂದು ಅರಚುತ್ತಿದ್ದ. ಇದು ಖರೆ ಏನ್ರಿ ಕಾಕು, ನಮ್ಮ ಯಾದಗಿರಿಯಾಕೆ ಅಂಥವಳೇ ಎಂದು ನಾನು ಕೇಳಿದೆ. ನನ್ನ ಮೇಲೆ ಮುಗಿಬೀಳಲಿ ಎಂದೇ ಕಾದೆ. ಅವರು ಮೆಲ್ಲಗೆ ನನ್ನ ಕೈ ಹಿಡಿದರು, ಕಣ್ಣು ಮಾತ್ರ ಪರದೆ ಬಿಡಲಿಲ್ಲ.

"ಸುಮ್ಮನಿರು. ಅಂವ ಹೇಳಾಕತ್ತಾನ, ಕೇಳೋಣು."

ಹೋದ ವರ್ಷ ಕಾಕು ತೀರಿಕೊಂಡರು. ಸುದ್ದಿ ಬಂದಾಗ ನನಗೆ ಅಳು ಬರಲಿಲ್ಲ. ಆವತ್ತು ವಾಪಸು ಬರುವಾಗ ಮೆಟ್ರೊದಲ್ಲೇ ಅತ್ತು ಮುಗಿದಿತ್ತು.

ಈಗ ಸಂಜೆ ನಾನೂ ಟಿವಿ ಮುಂದೆಯೇ ಕೂಡುತ್ತೇನೆ. ಸುಳ್ಳು ಯಾಕೆ ಹೇಳಲಿ, ದಣಿವಾಗಿರುತ್ತದೆ. ಮನೆಯಲ್ಲಿ ಜಗಳವಿಲ್ಲ, ಎದುರು ಮಾತಿಲ್ಲ. ನಿನ್ನೆ ಬೇಕೆಂದೇ ಹೇಳಿದೆ, ಚಾರ್‌ಮಿನಾರ್ ಬಿಚ್ಚಿ ಲಿಂಗಂಪಲ್ಲಿ ಸ್ಟೇಷನ್ನಿನ ಮುಂದೆ ಕಟ್ಟುತ್ತಾರಂತೆ ಎಂದು. ಎಲ್ಲರೂ ಹೂಂ ಅಂದರು.