ಮಾವನಿಗೆ ಮಾಡಿದ ಉಪ್ಪಿಲ್ಲದ ಪಿಜ್ಜಾ

ನನ್ನ ಅತ್ತೆಯನ್ನು ಕಂಡರೆ ನನಗಾಗುತ್ತಿರಲಿಲ್ಲ, ನನ್ನನ್ನು ಕಂಡರೆ ಆಕೆಗಾಗುತ್ತಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಸಕ್ಕರೆ ಸವರಿ ಬರೆಯುವುದು ನನ್ನಿಂದಾಗದು. ತಾಂಡೂರಿನ ಆ ಮನೆಯಲ್ಲಿ ಅಡುಗೆಮನೆ ಒಂದೇ, ಹಟಮಾರಿ ಹೆಂಗಸರು ಇಬ್ಬರು.

ತೆಲಂಗಾಣದ ಹೋರಾಟ ಜೋರಾಗಿದ್ದ ವರ್ಷ. ಬಸ್ಸು ಬಂದ್, ರೈಲು ಬಂದ್. ಸಿಮೆಂಟ್ ಫ್ಯಾಕ್ಟರಿಯಿಂದ ನಿವೃತ್ತರಾಗಿದ್ದ ಮಾವ ಎದೆನೋವೆಂದು ಹೈದರಾಬಾದಿನ ಆಸ್ಪತ್ರೆಗೆ ಸೇರಿ, ಮುಷ್ಕರಕ್ಕೆ ಸ್ವಲ್ಪ ಮೊದಲು ಮನೆಗೆ ಬಂದಿದ್ದರು. ಮತ್ತೆ ತೋರಿಸುವ ದಿನ ದಾಟಿಹೋಗಿತ್ತು, ಹೋಗಲು ದಾರಿಯಿರಲಿಲ್ಲ. ಡಾಕ್ಟರು ಫೋನಿನಲ್ಲಿ ಹೇಳಿದರು: ಗುಳಿಗೆ ತಪ್ಪಿಸಬೇಡಿ, ಉಪ್ಪು ಬೇಡ, ಕರಿದದ್ದು ಬೇಡ, ತರಕಾರಿ ಹೆಚ್ಚು ಕೊಡಿ, ಅವರು ಹೊಟ್ಟೆ ತುಂಬ ಉಣ್ಣುವಂತೆ ನೋಡಿಕೊಳ್ಳಿ.

ಮಾವ ಉಣ್ಣಬೇಕಲ್ಲ! ಮೂರು ದಿನ ಸಪ್ಪೆ ಗಂಜಿ ಕುಡಿದು, ನಾಲ್ಕನೆಯ ದಿನ ತಟ್ಟೆ ದೂಡಿದರು. ಅತ್ತೆ ಏನು ಮಾಡಿದಳು? ಕದ್ದು ಮಿರ್ಚಿ ಭಜಿ ಕರಿದು ಕೊಟ್ಟಳು. ನನ್ನ ಕಣ್ಣಿಗೆ ಬಿತ್ತು.

"ನಲವತ್ತು ವರ್ಷದಿಂದ ಉಣಿಸಾಕತ್ತೀನಿ. ನಿನ್ನಿ ಬಂದಾಕಿ ನೀ, ನನಗ ಕಲಿಸಾಕ ಬಂದಿಯೇನು?"

"ನೀವು ಉಣಿಸಿದ್ದಕ್ಕೇ ಅವ್ರು ದವಾಖಾನಿ ನೋಡ್ಯಾರ್ರಿ," ಎಂದೆ. ಆಡಬಾರದ ಮಾತು. ಆಡಿದೆ.

ತೆಲುಗು ಪೇಪರಿನ ಭಾನುವಾರದ ಪುರವಣಿಯಲ್ಲಿ, ಹೃದಯಕ್ಕೆ ಒಳ್ಳೆಯದೆಂದು ಮೆಡಿಟರೇನಿಯನ್ ಪಿಜ್ಜಾ ಮಾಡುವ ಬಗೆ ಬರೆದಿದ್ದರು. ಮಾವ ಅದರ ಚಿತ್ರ ನೋಡಿ, "ಇದು ಮಾಡವ್ವಾ, ತಿಂತೀನಿ," ಎಂದರು. ನನಗೆ ಅಷ್ಟೇ ಬೇಕಿತ್ತು. ಆಲಿವ್ ಎಣ್ಣೆ ಕೇಳಿದರೆ ಮೆಡಿಕಲ್ ಶಾಪಿನವನು ಮೈಗೆ ಹಚ್ಚುವ ಎಣ್ಣೆಯ ಶೀಶೆ ತೋರಿಸಿದ. ಥೂ ಅಂದು ಮನೆಯ ಕುಸುಬಿ ಎಣ್ಣೆಯನ್ನೇ ತೆಗೆದುಕೊಂಡೆ. ಗೋಧಿಹಿಟ್ಟಿಗೆ ಮೊಸರು ಹಾಕಿ ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟೆ. ಟೊಮೆಟೊ, ಬೆಳ್ಳುಳ್ಳಿ ಕುದಿಸಿ ಗಟ್ಟಿ ಮಾಡಿದೆ. ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಪಾಲಕ್ ಹೆಚ್ಚಿದೆ. ಚೀಸಿನ ಬದಲಿಗೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಉಪ್ಪಿನ ಬದಲಿಗೆ ನಿಂಬೆರಸ, ಕಾಳುಮೆಣಸು.

ಕಾದ ಕಲ್ಲಿನ ಮೇಲೆ ಬೇಯಿಸಿ ಎಂದಿತ್ತು ಪೇಪರಿನಲ್ಲಿ. ತಾಂಡೂರಿನಲ್ಲಿ ಕಲ್ಲಿಗೇನು ಬರ! ನೆಲಕ್ಕೆ ಹಾಸಿ ಉಳಿದ ಹಾಸುಗಲ್ಲು ಹಿತ್ತಲಲ್ಲಿ ಬಿದ್ದಿದ್ದವು. ಒಂದನ್ನು ತೊಳೆದು ಒಲೆಗುಂಡುಗಳ ಮೇಲಿಟ್ಟು, ಕೆಳಗೆ ಕಟ್ಟಿಗೆ ಉರಿ ಹಾಕಿದೆ. ಅತ್ತೆ ಬಾಗಿಲಲ್ಲಿ ಕೂತು ನೋಡುತ್ತಿದ್ದಳು, ಬಾಯಿ ಬಿಡಲಿಲ್ಲ. ಆಕೆ ಕಲ್ಲುಗಣಿಯವರ ಮಗಳು. ನಾನು ಜಹೀರಾಬಾದಿನ ಕಡೆ ಕಬ್ಬಿನ ಹೊಲ ನೋಡಿ ಬೆಳೆದವಳು.

ಪಿಜ್ಜಾ ಹಾಕಿ ಇನ್ನೂ ಕೈ ಹಿಂದಕ್ಕೆ ತೆಗೆದಿರಲಿಲ್ಲ, ಕಲ್ಲು ಢಬ್ಬೆಂದು ಸಿಡಿಯಿತು. ಪದರು ಪದರಾಗಿ ಎದ್ದು ಚೂರು ಹಾರಿದವು, ಒಂದು ನನ್ನ ಮೊಣಕೈ ಕೊಯ್ದಿತು. ಪಿಜ್ಜಾ ಬೂದಿಯಲ್ಲಿ ಬಿತ್ತು.

"ಈ ಕಲ್ಲು ಬೆಂಕಿಗೆ ಸಿಡಿತದಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ಯಾಕ ಹೇಳಲಿಲ್ಲ?"

"ನೀ ಗೆದ್ದರ, ಅವ್ರು ನನ್ನ ಕೈಯಾಗಿಂದು ಮತ್ಯಾಕ ಕೇಳ್ತಾರ?" ಎಂದಳು ನೆಟ್ಟಗೆ ನನ್ನ ಮುಖ ನೋಡಿ.

ಅಷ್ಟರಲ್ಲಿ ಒಳಗಿನಿಂದ ಮಾವ ಕೂಗಿದರು: "ಯಾರರ ಒಬ್ಬಾಕಿ ಉಣ್ಣಾಕ ಕೊಡ್ರಿ, ನಾ ಜೀವಂತ ಇರೂದ್ರಾಗ!"

ಉಳಿದ ಹಿಟ್ಟನ್ನು ರೊಟ್ಟಿಯ ಹಂಚಿನ ಮೇಲೆ ತಟ್ಟಿ, ಮಿಕ್ಕ ತರಕಾರಿ, ಮೊಸರು ಹರಡಿ, ಮುಚ್ಚಳದ ಮೇಲೆ ಕೆಂಡ ಸುರಿದು ಬೇಯಿಸಿದೆ. ಅಂಚು ಸೀದಿತ್ತು. ಆದರೂ ಮಾವ ಒಂದು ಚೂರೂ ಬಿಡದೆ ತಿಂದರು. ಎಷ್ಟೋ ದಿನದ ಮೇಲೆ ತೇಗಿ, ಹೆಂಡತಿಯ ಕಡೆ ತಿರುಗಿ, "ನೀ ಒಂದ್ ದಿನಾನೂ ಇಂಥಾದ್ದು ಮಾಡಿ ಹಾಕಿಲ್ಲ ನೋಡು," ಎಂದರು. ಆಕೆಯ ಮುಖ ಸಣ್ಣಗಾಯಿತು. ನನಗೆ ಖುಷಿಯಾಯಿತು, ಸುಳ್ಳೇಕೆ.

ಮರುದಿನ ಬೆಳಿಗ್ಗೆ ಅತ್ತೆ ತಾನಾಗಿ ನನ್ನ ಹತ್ತಿರ ಬಂದಳು. ನಾನು ಮದುವೆಯಾಗಿ ಬಂದಾಗಿನಿಂದ ಆಕೆ ನನ್ನನ್ನು ಏನೂ ಕೇಳಿದವಳಲ್ಲ.

"ಇವತ್ತ ಅವ್ರಿಗೆ ನಾ ಮಾಡ್ತೀನಿ. ಹಿಟ್ಟು ಹ್ಯಾಂಗ ನಾದೂದು, ಸ್ವಲ್ಪ ಹೇಳವ್ವಾ."

"ನೀವು ಕಲ್ಲಿಂದು ಹೇಳಿದ್ರೇನ್ರಿ?" ಎಂದು ಹಿಟ್ಟು ನಾದುವ ಪರಾತ ನನ್ನ ಕಡೆ ಎಳೆದುಕೊಂಡೆ.

ಬಸ್ಸು ಶುರುವಾಗುವವರೆಗೂ ದಿನಾ ನಾನೇ ಮಾಡಿದೆ. ಮಾವ ಉಳಿದರು. ಅಷ್ಟೂ ದಿನ ಅತ್ತೆ ಅವರ ತಟ್ಟೆ ತೊಳೆದಿಟ್ಟು, ಅವರು ಉಂಡೇಳುವ ತನಕ ಖಾಲಿ ಕೈಯಲ್ಲಿ ಬಾಗಿಲ ಬಳಿ ಕೂತಿರುತ್ತಿದ್ದಳು. ಗಂಡನಿಗೆ ಉಣಿಸುವುದೊಂದೇ ಆಕೆ ತನ್ನದೆಂದುಕೊಂಡಿದ್ದ ಕೆಲಸ. ಅದನ್ನು ನಾನು ಕಿತ್ತುಕೊಂಡೆ, ಬೇಕಂತಲೇ.